ಮನೆಯ ನಾಲ್ಕೈದು ಕಡೆ ಇರುವ ಫೋಟೋಗಳನ್ನು ಒಂದೇ ಕಂಪ್ಯೂಟರಿನಲ್ಲಿ ಸೇರಿಸುವುದು ಹೇಗೆ?

ಎರಡು ಫೋನು, ಹಳೇ ಲ್ಯಾಪ್‌ಟಾಪು, ಒಂದು ಕ್ಯಾಮೆರಾ, ಎಲ್ಲದರ ಫೋಟೋ ಒಂದೇ ಕಡೆ ಬೇಕು ಎಂದು ಕೇಳಿದ್ದೀರಿ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲೂ ಇದೇ ಕಥೆ ಇತ್ತು.

ಮೊದಲ ಮಾತು: ಕಟ್ ಮಾಡಬೇಡಿ, ಕಾಪಿ ಮಾಡಿ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಎಲ್ಲ ಮುಗಿದು, ಇನ್ನೊಂದು ಹಾರ್ಡ್‌ಡಿಸ್ಕಿಗೂ ಹಾಕಿಟ್ಟ ಮೇಲೆ ಹಳೆಯದನ್ನು ಅಳಿಸಿದರಾಯಿತು.

ಪ್ರತಿ ಮೂಲಕ್ಕೂ ಬೇರೆ ಫೋಲ್ಡರ್ ಮಾಡಿ. ಸುಮ್ನೆ ಒಂದರಲ್ಲೇ ಸುರಿದರೆ ಹೆಸರು ಡಿಕ್ಕಿ ಹೊಡೆಯುತ್ತವೆ. ಅನೇಕ ಕ್ಯಾಮೆರಾಗಳು 9999 ದಾಟಿದರೆ ಮತ್ತೆ 0001ರಿಂದ ಎಣಿಸುತ್ತವೆ. ಬೇಲೂರಿನ ಫೋಟೋದ ಮೇಲೆ ಮುಳ್ಳಯ್ಯನಗಿರಿಯದು ಕೂತರೆ ಹೋಯಿತು, ಅಲ್ವಾ?

ಆಮೇಲೆ ಡಿಜಿಕ್ಯಾಮ್ ಎಂಬ, ಫೋಟೋ ಜೋಡಿಸಿಡುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ತೆಗೆದ ದಿನಾಂಕ, ಸಮಯ ಫೋಟೋದ ಒಳಗೇ ಎಕ್ಸಿಫ್ ಮಾಹಿತಿಯಾಗಿ ಇರುತ್ತದೆ. ಅದನ್ನೇ ಫೈಲಿನ ಹೆಸರಾಗಿ ಕೊಡಲು ಇದರಲ್ಲಿ ಆಗುತ್ತದೆ.

ಒಂದೇ ಫೋಟೋದ ನಕಲುಗಳನ್ನು ಹುಡುಕಿ ಅಳಿಸುವಾಗ ಜಾಸ್ತಿ ತಲೆನೋವು ವಾಟ್ಸಾಪ್ ಫೋಟೋಗಳದ್ದು. ಮಾಮೂಲಿಯಾಗಿ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಎಕ್ಸಿಫ್ ತೆಗೆದುಹಾಕುತ್ತದೆ. ಹಾಗಾಗಿ ಅದೇ ಚಿತ್ರವಾದರೂ ಫೈಲ್ ಬೇರೆ. ಫೈಲನ್ನಷ್ಟೇ ಹೋಲಿಸುವ ಸಾಫ್ಟ್‌ವೇರಿಗೆ ಇವು ಸಿಗುವುದಿಲ್ಲ. ಡಿಜಿಕ್ಯಾಮ್ ಚಿತ್ರವನ್ನೇ ಹೋಲಿಸುತ್ತದೆ. ಅದರಲ್ಲಿ ಹೋಲಿಕೆಯನ್ನು ಶೇಕಡಾ 100ಕ್ಕೆ ಇಡದೆ 90ರ ಆಸುಪಾಸಿಗೆ ಇಳಿಸಿ, ಜೋಡಿಗಳಲ್ಲಿ ದೊಡ್ಡ ಫೈಲ್ ಉಳಿಸಿಕೊಳ್ಳಿ. ಒಂದೊಂದನ್ನೂ ಕಣ್ಣಲ್ಲಿ ನೋಡಿಯೇ ಅಳಿಸಿ. ಗ್ರೂಪ್ ಫೋಟೋ ಸಾಲಾಗಿ ನಾಲ್ಕು ಹೊಡೆದಿದ್ದರೆ ಸಾಫ್ಟ್‌ವೇರಿಗೆ ನಾಲ್ಕೂ ಒಂದೇ. ಅಜ್ಜಿ ಕಣ್ಣು ಬಿಟ್ಟಿರುವುದು ಒಂದರಲ್ಲೇ ಇರಬಹುದು.