ಎತ್ತಲು ಎಷ್ಟು ಜನ ಇದ್ದೀರಿ?

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಾವು ಮಂಡ್ಯದ ಸುಭಾಷ್ ನಗರದಲ್ಲಿ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿದ್ದೇವೆ. ನಾನು ಪ್ರೌಢಶಾಲೆಯ ಶಿಕ್ಷಕಿ. ಯಜಮಾನರಿಗೂ ಹೊರಗಿನ ಕೆಲಸ. ಜೊತೆಗೆ 72 ವರ್ಷದ ಅತ್ತೆ, ಎಂಟನೇ ತರಗತಿಯ ಮಗ. ಯಜಮಾನರ ಸ್ನೇಹಿತರ ಮನೆಯಲ್ಲಿ ಗ್ರೇಟ್ ಡೇನ್ ನಾಯಿ ಮರಿ ಹಾಕಿದೆ. 35 ದಿನ ತುಂಬಿದ ಒಂದು ಗಂಡು ಮರಿಯನ್ನು ದುಡ್ಡಿಲ್ಲದೆ ಕೊಡುತ್ತೇವೆ, ಈ ವಾರವೇ ಒಯ್ಯಿರಿ ಎನ್ನುತ್ತಿದ್ದಾರೆ. ಮಗ ಊಟ ಬಿಟ್ಟು ಕುಳಿತಿದ್ದಾನೆ. ‘ಮನೆಯ ಮುದ್ದೆ, ಸಾರು ಹಾಕಿದರೆ ತಾನೇ ಬೆಳೆಯುತ್ತದೆ’ ಎಂಬುದು ಯಜಮಾನರ ವಾದ. ನನಗೂ ನಾಯಿ ಎಂದರೆ ಇಷ್ಟವೇ, ಆದರೂ ಏಕೋ ಅಳುಕು. ತರಬಹುದೇ?
— ಹೆಸರು ಬೇಡ, ಮಂಡ್ಯ

ಉತ್ತರ: ತಾಯಿ, ನಿಮ್ಮ ಕಾಗದದಲ್ಲಿ ಎಲ್ಲವೂ ಇದೆ, ಒಂದನ್ನು ಬಿಟ್ಟು. ಮೆಟ್ಟಿಲು ಎಷ್ಟು ಎಂದು ಬರೆದಿಲ್ಲ. ಹದಿನೆಂಟೋ ಇಪ್ಪತ್ತೋ ಇರಬಹುದು ಎಂದುಕೊಂಡು ಉತ್ತರ ಬರೆಯುತ್ತಿದ್ದೇನೆ.

ನನ್ನ ಸರ್ಕಾರಿ ನೌಕರಿಯ ಬಹುಭಾಗ ನಿಮ್ಮ ಜಿಲ್ಲೆಯಲ್ಲೇ ಕಳೆಯಿತು. ಹಳ್ಳಿಕಾರ್ ಎತ್ತು, ಸೀಮೆಹಸು, ಮಳವಳ್ಳಿ ಕಡೆಯ ಬಂಡೂರು ಕುರಿ, ಇವೇ ನನ್ನ ರೋಗಿಗಳು. ನಾಯಿಗಳ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಮಾತ್ರ ಪುಟ್ಟ. ಕೊಡಗಿನ ಕಾಫಿ ತೋಟದವರೊಬ್ಬರು ಕೊಟ್ಟ ಗ್ರೇಟ್ ಡೇನ್ ಮರಿ. ನಿಮ್ಮ ಹಾಗೆಯೇ ನಮಗೂ ಪುಕ್ಕಟೆ ಬಂದದ್ದು. ಮಡಿಲಲ್ಲಿ ಹಿಡಿಯುವಷ್ಟಿದ್ದಾಗ ನನ್ನ ಹೆಂಡತಿ ಇಟ್ಟ ಹೆಸರು ಅದು. 68 ಕಿಲೋ ಆದಾಗಲೂ ಅದೇ ಹೆಸರು. ಕುವೆಂಪುನಗರದ ನಮ್ಮ ಬೀದಿಯಲ್ಲಿ ‘ಪುಟ್ಟಾ’ ಎಂದು ಕೂಗಿದರೆ, ಹೊಸದಾಗಿ ಬಂದ ಬಾಡಿಗೆಯವರು ಮಗು ಬರುತ್ತದೆ ಎಂದು ತಿರುಗಿ ನೋಡಿ ಗೇಟಿನೊಳಕ್ಕೆ ಓಡುತ್ತಿದ್ದರು.

ನಿಮ್ಮ ಮಗನ ಪರವಾಗಿ ಮೊದಲು ಹೇಳಿಬಿಡುತ್ತೇನೆ. ಇದು ಸಾಧು ಪ್ರಾಣಿ. ಹೆಸರಿನಲ್ಲಿ ಡೆನ್ಮಾರ್ಕ್ ಇದ್ದರೂ ತಳಿ ಜರ್ಮನಿಯದು, ಹಿಂದೆ ಕಾಡುಹಂದಿ ಬೇಟೆಗೆ ಬಳಸುತ್ತಿದ್ದ ನಾಯಿಗಳಿಂದ ಬಂದದ್ದು. ಅಷ್ಟು ದೊಡ್ಡ ದೇಹದೊಳಗೆ ಬೆಕ್ಕಿನ ಮರಿಯ ಮನಸ್ಸು. ನೀವು ನಿಂತಿದ್ದರೆ ಬಂದು ತೊಡೆಗೆ ಮೈ ಒರಗಿಸಿ ನಿಲ್ಲುತ್ತದೆ. ಗೋಡೆಗೆ ಒರಗಿದಂತೆ, ಪೂರಾ ಭಾರ ಬಿಟ್ಟು. ಆ ಒರಗುವಿಕೆಗೆ ನಾನು ಎಂಟು ವರ್ಷ ಮಾರುಹೋಗಿದ್ದೆ. ಆದರೆ 72 ವರ್ಷದ ನಿಮ್ಮ ಅತ್ತೆಯವರಿಗೆ ಅದೇ ಪ್ರೀತಿಯಿಂದ ಒರಗಿದರೆ? ಬಾಲದ ಕಥೆ ಇನ್ನೊಂದು. ಸಂತೋಷವಾದಾಗ ಬಾಲ ಬೀಸುತ್ತದೆ, ಅದು ಟೀಪಾಯಿಯ ಎತ್ತರದಲ್ಲೇ ಬೀಸುತ್ತದೆ. ಕಾಫಿ ಲೋಟ ಹಾರುತ್ತದೆ. ಇಕ್ಕಟ್ಟಿನ ಮನೆಯಲ್ಲಿ ಗೋಡೆಗೆ ಬಡಿದು ಬಡಿದು ಬಾಲದ ತುದಿಯೇ ಒಡೆಯುತ್ತದೆ. ಮತ್ತೆ ಸಂತೋಷ, ಮತ್ತೆ ಬಡಿತ, ಗಾಯ ಮಾಯುವುದೇ ಇಲ್ಲ. ನಮ್ಮ ನಡುಮನೆಯ ಸುಣ್ಣದ ಮೇಲೆ ರಕ್ತದ ಚುಕ್ಕೆ ನೋಡಿ ಪೋಸ್ಟ್‌ಮ್ಯಾನ್ ಗಾಬರಿಯಾಗಿದ್ದ.

ಈಗ ಯಜಮಾನರ ಮುದ್ದೆ. ಮುದ್ದೆಯ ಮೇಲೆ ಕೈಯಿಟ್ಟು ಮಾತಾಡಲು ನನಗೂ ಧೈರ್ಯ ಸಾಲದು, ಊರು ಮಂಡ್ಯ. ಆದರೂ ಹೇಳಲೇಬೇಕು. ಡೇನ್ ಮರಿ ಹುಟ್ಟಿದಾಗ ಅರ್ಧ ಕಿಲೋ ಆಸುಪಾಸು. ವರ್ಷ ತುಂಬುವಾಗ 45ರಿಂದ 50 ಕಿಲೋ. ಹನ್ನೆರಡು ತಿಂಗಳಲ್ಲಿ ಹತ್ತಿರ ಹತ್ತಿರ ನೂರರಷ್ಟು. ಮನುಷ್ಯನ ಮಗು ವರ್ಷದಲ್ಲಿ ಮೂರರಷ್ಟು ಬೆಳೆಯುತ್ತದೆ, ಲೆಕ್ಕ ಹಾಕಿ ನೋಡಿ. ಇಂಥ ಓಟದಲ್ಲಿ ಮೂಳೆಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಬೆಳೆದ ನಾಯಿಗಳು ಬೇಡದ ಕ್ಯಾಲ್ಸಿಯಂ ಅನ್ನು ಹೊರಹಾಕುತ್ತವೆ. ಎಳೆಯ ಮರಿಯ ಕರುಳಿಗೆ ಆ ತಡೆ ಇನ್ನೂ ಕೂಡಿಬಂದಿರುವುದಿಲ್ಲ, ಕೊಟ್ಟದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ನಾಯಿಮರಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ. ಅದರ ಮೇಲೆ ಹಾಲು, ಅದರ ಮೇಲೆ ‘ಮೂಳೆ ಗಟ್ಟಿಯಾಗಲಿ’ ಎಂದು ಔಷಧಿ ಅಂಗಡಿಯ ಕ್ಯಾಲ್ಸಿಯಂ ಸಿರಪ್. ಕಾಲು ಬಾಗಿದ, ಕೀಲು ಊದಿದ ಎಷ್ಟೋ ಮರಿಗಳನ್ನು ನೋಡಿದ್ದೇನೆ. ಬಡತನದಿಂದ ಹಾಗಾದದ್ದು ಕಡಿಮೆ, ಅಕ್ಕರೆಯಿಂದ ಹಾಗಾದದ್ದೇ ಹೆಚ್ಚು. ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಒಣ ಆಹಾರವನ್ನು ಅಳತೆಯಲ್ಲಿ ಹಾಕಿ, ಪಕ್ಕೆಲುಬು ಕೈಗೆ ಸಿಗುವಷ್ಟು ತೆಳ್ಳಗೆ ಬೆಳೆಸುವುದು ಸರಿಯಾದ ದಾರಿ. ಬೆಳೆದ ಮೇಲೆ ದಿನಕ್ಕೆ ಮುಕ್ಕಾಲು ಕಿಲೋಗೆ ಮೇಲ್ಪಟ್ಟು, ತಿಂಗಳಿಗೆ ಇಪ್ಪತ್ತು ಕಿಲೋ ದಾಟಿದ ಚೀಲ. ಮನೆಯ ಸಾರು ಮಾತ್ರ ಬೇಡವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಖರ್ಚು ಎಲ್ಲವೂ ತೂಕದ ಲೆಕ್ಕ. ಜಂತುಹುಳುವಿನ ಮಾತ್ರೆ, ಉಣ್ಣೆಹುಳುವಿನ ಮಾತ್ರೆ, ಅರಿವಳಿಕೆ, ಆಂಟಿಬಯಾಟಿಕ್, ಯಾವುದೂ ಒಂದರಲ್ಲಿ ಮುಗಿಯುವುದಿಲ್ಲ. ಚಿಕ್ಕ ನಾಯಿಗೂ ದೊಡ್ಡ ನಾಯಿಗೂ ಒಂದೇ ಆಗಿರುವುದು ರೇಬೀಸ್ ಲಸಿಕೆ, ಇಬ್ಬರಿಗೂ ಒಂದೇ ಮಿಲಿ ಲೀಟರ್. ಅಷ್ಟು ಸಮಾಧಾನ ಪಟ್ಟುಕೊಳ್ಳಿ.

ಇನ್ನು ಮೆಟ್ಟಿಲು.

ಪುಟ್ಟನಿಗೆ ಆರು ವರ್ಷವಾಗಿದ್ದಾಗ ಒಂದು ರಾತ್ರಿ, ಊಟವಾಗಿ ಒಂದು ಗಂಟೆಯಾಗಿತ್ತು. ಎದ್ದು ಕೂರುತ್ತಾನೆ, ಮಲಗುತ್ತಾನೆ, ಮತ್ತೆ ಏಳುತ್ತಾನೆ. ವಾಂತಿಗೆ ಒಕ್ಕರಿಸುತ್ತಾನೆ, ಏನೂ ಬರುವುದಿಲ್ಲ, ಬರೀ ಜೊಲ್ಲು. ಅಜೀರ್ಣ ಇರಬೇಕು ಎಂದು ನಾನು ಟಿ.ವಿ. ನೋಡುತ್ತ ಕುಳಿತೆ. ಮೂವತ್ತು ವರ್ಷ ದನಗಳ ಹೊಟ್ಟೆಯುಬ್ಬರಕ್ಕೆ ಮದ್ದು ಮಾಡಿದವನು ನಾನು! ಅರ್ಧ ಗಂಟೆಯ ಮೇಲೆ ಹೆಂಡತಿ ‘ಹೊಟ್ಟೆ ತಮಟೆಯ ಹಾಗಿದೆ ನೋಡಿ’ ಎಂದಾಗಲೇ ಹೊಳೆದದ್ದು. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿ, ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಎರಡೂ ಬಾಯಿ ಬಂದ್. ಒಳಗಿನ ಗಾಳಿಗೆ ದಾರಿಯಿಲ್ಲ, ರಕ್ತಕ್ಕೂ ದಾರಿಯಿಲ್ಲ. ಶಸ್ತ್ರಚಿಕಿತ್ಸೆ ಆಗದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಈ ಕಾಯಿಲೆಗೆ ಎಲ್ಲ ತಳಿಗಳಿಗಿಂತ ಹೆಚ್ಚು ಬಲಿಯಾಗುವುದು ಗ್ರೇಟ್ ಡೇನ್.

ದಪ್ಪ ಸೂಜಿ ಚುಚ್ಚಿ ಗಾಳಿ ಬಿಟ್ಟೆ. ಕೈ ನಡುಗುತ್ತಿತ್ತು, ಬರೆಯಲು ನಾಚಿಕೆಯಿಲ್ಲ. ಆ ಹೊತ್ತಿಗೆ ಪುಟ್ಟ ಏಳಲಾರದೆ ಬಿದ್ದಿದ್ದ. ಆಟೋದವನು ಬಂದು ಬಾಗಿಲಲ್ಲಿ ನಿಂತು ನೋಡಿ, ‘ಸಾರ್, ಇದು ಕರುವಲ್ಲವೇ’ ಎಂದು ಹೊರಟುಹೋದ. ಎದುರುಮನೆಯ ಹುಡುಗರಿಬ್ಬರು, ಮೂಲೆಮನೆಯ ಕಾವಲುಗಾರ, ನಾನು. ಜಮಖಾನದ ನಾಲ್ಕು ಮೂಲೆ ಹಿಡಿದು ಎತ್ತಿದೆವು. ಪ್ರಜ್ಞೆ ತಪ್ಪಿದ ನಾಯಿಯ ತೂಕ ತಕ್ಕಡಿಯ ತೂಕವಲ್ಲ, ಎಲ್ಲ ಕಡೆಯಿಂದಲೂ ಜಾರುತ್ತದೆ. ಗೇಟಿನವರೆಗೆ ಹದಿನೈದು ಹೆಜ್ಜೆ, ಎರಡು ಸಲ ಇಳಿಸಿದೆವು. ತರಕಾರಿ ಸಾಗಿಸುವ ಲಗೇಜ್ ಆಟೋ ಸಿಕ್ಕಿತು. ಅದರಲ್ಲಿ ಹಾಕಿಕೊಂಡು, ಪರಿಚಯದ ಶಸ್ತ್ರವೈದ್ಯರನ್ನು ನಿದ್ದೆಯಿಂದ ಎಬ್ಬಿಸಿ, ಜಠರವನ್ನು ನೇರ ಮಾಡಿಸಿ ಹೊಟ್ಟೆಯ ಗೋಡೆಗೆ ಹೊಲಿಸಿ ಉಳಿಸಿಕೊಂಡೆವು. ಆ ಹೊಲಿಗೆಯನ್ನು ಕಾಯಿಲೆ ಬರುವ ಮೊದಲೇ ಹಾಕಿಸಬಹುದು, ಸಂತಾನಹರಣ ಮಾಡಿಸುವಾಗಲೇ. ನಾನು ಹಾಕಿಸಿರಲಿಲ್ಲ.

ನಮ್ಮದು ನೆಲಮಹಡಿ, ತಾಯಿ. ಮೆಟ್ಟಿಲು ಎರಡೇ.

ಆಮೇಲೆ ಅವನು ಎರಡು ವರ್ಷ ಬದುಕಿದ. ಈ ತಳಿಯ ಆಯುಸ್ಸೇ ಏಳರಿಂದ ಹತ್ತು. ಕೊನೆಯ ನಾಲ್ಕು ತಿಂಗಳು ಹಿಂಗಾಲು ಸೋತಿತ್ತು. ಬೆಳಿಗ್ಗೆ ಎದ್ದು ಹೊಟ್ಟೆಯ ಕೆಳಗೆ ಟವೆಲ್ ತೂರಿಸಿ, ಆ ಬದಿ ಹೆಂಡತಿ, ಈ ಬದಿ ನಾನು, ‘ಒಂದು ಎರಡು ಮೂರು’ ಎಂದು ಎತ್ತಿ ಅಂಗಳಕ್ಕೆ ನಡೆಸಬೇಕು. ಒಂದು ದಿನ ಎತ್ತುವುದು ತಡವಾದರೆ ಮಲಗಿದಲ್ಲೇ ಮೂತ್ರ. ಆಗ ಅವನು ಮುಖ ಆಚೆ ತಿರುಗಿಸುತ್ತಿದ್ದ, ನಮ್ಮನ್ನು ನೋಡುತ್ತಿರಲಿಲ್ಲ. ನನ್ನ ಸೊಂಟದ ಬೆಲ್ಟ್ ಆ ಕಾಲದ ಉಳಿಕೆ.

ನಿಮ್ಮ ಮನೆಯ ಲೆಕ್ಕಕ್ಕೆ ಬನ್ನಿ. ಮಗನಿಗೆ ಈಗ 13 ಎಂದಿಟ್ಟುಕೊಳ್ಳಿ. ನಾಯಿಗೆ ಎಂಟಾಗುವಾಗ ಅವನಿಗೆ 21. ಬೆಂಗಳೂರಿನಲ್ಲೋ ಇನ್ನೆಲ್ಲೋ ಇರುತ್ತಾನೆ, ಇರಬೇಕಾದ್ದೂ ಹಾಗೆಯೇ. ಅತ್ತೆಯವರಿಗೆ 80. ಎತ್ತಲು ಉಳಿಯುವವರು ನೀವಿಬ್ಬರು. ನನ್ನ ಮಾತು ಅತಿಯೆನಿಸಿದರೆ ಈ ಭಾನುವಾರ 25 ಕಿಲೋ ಅಕ್ಕಿಯ ಎರಡು ಚೀಲಗಳನ್ನು ಒಂದು ಜಮಖಾನದಲ್ಲಿ ಹಾಕಿ, ನೀವೂ ಯಜಮಾನರೂ ಮಹಡಿಯಿಂದ ಇಳಿಸಿ ನೋಡಿ. ಅಕ್ಕಿ ನರಳುವುದಿಲ್ಲ, ಒದ್ದಾಡುವುದಿಲ್ಲ, ನೋವಿಗೆ ಕಚ್ಚುವುದೂ ಇಲ್ಲ. ಹಾಗಿದ್ದೂ ಎಷ್ಟು ಕಷ್ಟ ಎಂದು ಯಜಮಾನರೇ ಹೇಳುತ್ತಾರೆ. ಎಳೆಯ ಕಾಲಕ್ಕೂ ಆ ಮೆಟ್ಟಿಲು ಆಗದು. ಈ ತಳಿಯ ಮೂಳೆಯ ತುದಿ ಕೂಡಿಕೊಳ್ಳಲು ಒಂದೂವರೆ ವರ್ಷ ಬೇಕು, ಅಲ್ಲಿಯವರೆಗೆ ದಿನಕ್ಕೆ ನಾಲ್ಕಾರು ಸಲ ಹತ್ತಿಳಿಸಿದರೆ ಕೀಲು ಹಾಳು.

ಆದ್ದರಿಂದ ಈಗ ಬೇಡ. ಮುಂದೆ ಅಂಗಳವಿರುವ ನೆಲಮಹಡಿಗೆ ಹೋದರೆ, ಒಂದು ನಾಲ್ಕು ಚಕ್ರದ ವಾಹನ ಕರೆದಾಗ ಬರುವಂತಿದ್ದರೆ, ನನಗೆ ಮತ್ತೆ ಬರೆಯಿರಿ, ಸಂತೋಷದಿಂದ ಹೂಂ ಎನ್ನುತ್ತೇನೆ. ಆಗಲೂ 35 ದಿನದ ಮರಿಯನ್ನು ತರಬೇಡಿ. ಕನಿಷ್ಠ ಎಂಟು ವಾರ ತಾಯಿಯ ಬಳಿ ಇರಲಿ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವನಿಗೆ ನೋವಾಗುತ್ತದೆ ಎಂಬುದನ್ನು ಒಡಹುಟ್ಟಿದವರ ಜೊತೆ ಆಡುತ್ತಲೇ ಮರಿ ಕಲಿಯುವುದು. ಮರಿಯ ತಾಯಿ ತಂದೆಯ ಹೃದಯ ಪರೀಕ್ಷೆ ಆಗಿದೆಯೇ, ಅಜ್ಜಿ ಅಜ್ಜ ಎಷ್ಟನೇ ವಯಸ್ಸಿನಲ್ಲಿ ಯಾವ ಕಾಯಿಲೆಯಿಂದ ಹೋದರು ಎಂದೂ ಕೇಳಿ. ಪುಕ್ಕಟೆ ಕೊಡುವವರನ್ನು ಇದನ್ನೆಲ್ಲ ಕೇಳಲು ನಮಗೆ ಸಂಕೋಚ. ಸಂಬಂಧ ಕುದುರಿಸುವಾಗ ಇಲ್ಲದ ಸಂಕೋಚ ಇಲ್ಲೇಕೋ!

ಮಗನ ಉಪವಾಸಕ್ಕೆ ಪರಿಹಾರ: ನಿಮ್ಮ ಬೀದಿಯಲ್ಲೇ ಮರಿ ಹಾಕಿರುವ ನಾಡುನಾಯಿ ಇರುತ್ತದೆ. ಬೆಳೆದರೂ ಇಪ್ಪತ್ತು ಕಿಲೋ ಆಸುಪಾಸು, ಒಬ್ಬರೇ ಎತ್ತಿಕೊಂಡು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರಿಸಬಹುದು. ಮುಧೋಳ ತರಬಹುದೇ ಎಂದು ಯಜಮಾನರು ಕೇಳಬಹುದು. ನಮ್ಮದೇ ನಾಡಿನ ತಳಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ತೂಕವೂ ಮೂವತ್ತು ಕಿಲೋದೊಳಗೆ. ಆದರೆ ಅದು ಬಯಲಿನಲ್ಲಿ ಮೊಲ ಅಟ್ಟಲು ಹುಟ್ಟಿದ ಕಾಲು. ಮಹಡಿ ಮನೆಯಲ್ಲಿ ಕಟ್ಟಿದರೆ ನಿಮ್ಮ ಸೋಫಾವನ್ನೇ ಬೇಟೆಯಾಡುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಮಾಸ್ಟಿಫ್ ಇದೆ. ಸರ್ಕಾರ ಈ ತಳಿಯನ್ನು ನಿಷೇಧಿಸಿದೆ, ಹಿಡಿದುಕೊಂಡು ಹೋಗುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ನಿಜವೇ?
— ಓದುಗರು, ವಿಜಯನಗರ, ಮೈಸೂರು

ಉತ್ತರ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಕ್ರೂರ ತಳಿಗಳೆಂದು ಹೆಸರಿಸಿ, ಅವುಗಳ ಮಾರಾಟ, ಸಾಕಣೆಗೆ ಪರವಾನಗಿ ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಮಾಸ್ಟಿಫ್ ಆ ಪಟ್ಟಿಯಲ್ಲಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ನಮ್ಮ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಆ ಸುತ್ತೋಲೆಯನ್ನು ತೋರಿಸಿ ಹೆದರಿಸಿದರೆ ಹೆದರಬೇಕಾಗಿಲ್ಲ. ಆದರೆ ಪಕ್ಕದವರು ಹಾಗೇಕೆ ಹೇಳಿದರು ಎಂದು ಯೋಚಿಸಿ. ನಿಮ್ಮ ಗೇಟಿನ ಚಿಲಕ ಮೂತಿಯಿಂದ ತಳ್ಳಿದರೆ ತೆರೆಯುವಂಥದ್ದೇ? ಇವತ್ತೇ ಬದಲಾಯಿಸಿ. ಕತ್ತುಪಟ್ಟಿ ಹಿಡಿದು ನಡೆಸುವವರು ಯಾರು? ಮನೆಗೆಲಸದ ಹುಡುಗನಾದರೆ ನಿಲ್ಲಿಸಿ, ನೀವೇ ನಡೆಯಿರಿ.

ಪ್ರಶ್ನೆ: ಎಸಿ ಹಾಕಿಸಿದರೆ ಮೈಸೂರಿನಲ್ಲಿ ಸೇಂಟ್ ಬರ್ನಾರ್ಡ್ ಸಾಕಬಹುದಲ್ಲವೇ?
— ಓದುಗರು, ಗೋಕುಲಂ, ಮೈಸೂರು

ಉತ್ತರ: ಸಾಕಬಹುದು, ಎಸಿ ಕೋಣೆಯಲ್ಲಿ. ಆಲ್ಪ್ಸ್ ಪರ್ವತದಲ್ಲಿ 2,400 ಮೀಟರ್‌ಗೂ ಮೇಲಿನ ಕಣಿವೆಮಾರ್ಗವೊಂದರಲ್ಲಿ, ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಲು ಮಠದ ಸನ್ಯಾಸಿಗಳು ಸಾಕಿದ ನಾಯಿ ಅದು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ತಣ್ಣಗಾಗಬೇಕು. ಏಪ್ರಿಲ್‌ನಲ್ಲಿ 36 ಡಿಗ್ರಿ ಮುಟ್ಟುವ ಮೈಸೂರಿನಲ್ಲಿ ಆ ಕಂಬಳಿ ಹೊದ್ದು ಎಷ್ಟು ಏದುಸಿರು ಬಿಟ್ಟೀತು? ಕರೆಂಟು ಹೋದಾಗ ಯುಪಿಎಸ್ ಇದೆ ಎಂದು ನೀವು ಬರೆದಿದ್ದೀರಿ. ಅದು ಎಸಿಯನ್ನು ಎಳೆಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಅವರನ್ನು ಕೇಳಿ, ನನ್ನನ್ನಲ್ಲ.