ಬೆಳೆಯೋಕೆ ತೋಟ ಬಿಡಲೇಬೇಕಾ?

ಪ್ರಶ್ನೆ (ಪತ್ರದ ಸಾರಾಂಶ): ನನಗೆ 26 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದ ಲೈನ್ ಮನೆಯಲ್ಲೇ (ಕೆಲಸಗಾರರಿಗೆ ತೋಟ ಕೊಡುವ ಸಾಲು ಮನೆ) ಹುಟ್ಟಿ ಬೆಳೆದವಳು. ಅಪ್ಪ ಇಲ್ಲ. ಅಮ್ಮ ಈಗಲೂ ಕಾಫಿ ಕೊಯ್ಯಲು ಹೋಗುತ್ತಾರೆ. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ಅದೇ ತೋಟದ ನರ್ಸರಿ ನೋಡಿಕೊಳ್ಳುತ್ತಿದ್ದೇನೆ. ಕೆಲಸ ತುಂಬಾ ಇಷ್ಟ, ಸಂಬಳ ಕಡಿಮೆ. ಮೇಲಿನ ಹುದ್ದೆ ಕೇಳಿದರೆ ‘ಫೀಲ್ಡ್ ಕೆಲಸ ಹೆಂಗಸರಿಗೆ ಆಗಲ್ಲ’ ಅನ್ನುತ್ತಾರೆ. ಅಣ್ಣ ಮೈಸೂರಿನಲ್ಲಿ ಒಂದು ಆಫೀಸ್ ಕೆಲಸ ನೋಡಿದ್ದಾನೆ. ‘ಡಿಗ್ರಿ ಓದಿ ಅಮ್ಮ ದುಡಿದ ತೋಟದಲ್ಲೇ ಮಣ್ಣು ಕಲಸ್ತೀಯಾ’ ಅಂತ ಬೈಯುತ್ತಾನೆ. ಅಮ್ಮ ಕೆಲಸ ನಿಲ್ಲಿಸಿದರೆ ಈ ಮನೆಯೂ ನಮ್ಮದಲ್ಲ. ನಾನು ಬೆಳೆಯುವ ಜಾಗ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಮೈಸೂರಿನ ಕೆಲಸಕ್ಕೆ ಎರಡೇ ಸಾಲು ಸಿಕ್ಕಿದೆ. ಅದೂ ಬರೀ ಸಂಬಳದ ಬಗ್ಗೆ. ಉಳಿದ ಎರಡು ಪುಟ ನರ್ಸರಿಯದ್ದೇ! ಡಿಸೆಂಬರಿನಲ್ಲಿ ಪಾತಿ ಮಾಡಿ ಬೀಜ ಹಾಕುವುದು, ಆರು ಪಾಲು ಕಾಡುಮಣ್ಣಿಗೆ ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು ಸೇರಿಸಿ ಬ್ಯಾಗ್ ತುಂಬುವುದು, ಬೀಜದ ಸಿಪ್ಪೆಯನ್ನು ಟೋಪಿಯ ಹಾಗೆ ತಲೆ ಮೇಲೆ ಹೊತ್ತ ಪುಟ್ಟ ಸಸಿಯನ್ನು ಬೇರು ಮಡಚದಂತೆ ಎರಡು ಬೆರಳಲ್ಲಿ ಹಿಡಿದು ಇಳಿಸುವುದು. ಓದುತ್ತಾ ನನಗೆ ನಿಮ್ಮ ಕೈ ಕಣ್ಣಿಗೆ ಕಟ್ಟಿತು. ಕೆಲಸದ ಮೇಲೆ ಪ್ರೀತಿ ಇಲ್ಲದವರು ಹೀಗೆ ಬರೆಯಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಾಫಿ ಕೆಲಸ ನಿಮ್ಮದು, ಬಿಡಬೇಡಿ. ಆದರೆ ಈ ಒಂದು ತೋಟ ನಿಮ್ಮದಾಗಿಯೇ ಇರಬೇಕು ಅಂತೇನಿಲ್ಲ. ನೀವೂ ನಿಮ್ಮ ಅಣ್ಣನೂ ಇವೆರಡನ್ನೂ ಒಂದೇ ಅಂದುಕೊಂಡು ಜಗಳ ಆಡುತ್ತಿದ್ದೀರಿ.

ಬ್ಯಾಗಿನಲ್ಲಿ ಜಾಸ್ತಿ ದಿನ ಬಿಟ್ಟ ಗಿಡ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತಾಯಿಬೇರು ತಳದಲ್ಲಿ ಸುತ್ತಿಕೊಳ್ಳುತ್ತದೆ. ನೆಡುವಾಗ ಬ್ಯಾಗಿನ ತಳದ ಜೊತೆ ಆ ಸುರುಳಿಯನ್ನೂ ಕತ್ತರಿಸಬೇಕಾಗುತ್ತದೆ. ನಿಮಗೂ ಈಗ ಆ ಬ್ಯಾಗು ಚಿಕ್ಕದಾಗಿದೆ. ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಮೇಲಕ್ಕೆ ಬಿಡದ ಕಡೆ ಇನ್ನೈದು ವರ್ಷ ಕಾದರೂ ಅದೇ ಉತ್ತರ ಬರಬಹುದು. ಕೊಯ್ಲಿನಲ್ಲಿ ದಿನವಿಡೀ ಬೆನ್ನು ಬಗ್ಗಿಸುವವರಲ್ಲಿ ಹೆಂಗಸರೇ ಜಾಸ್ತಿ ಅಲ್ವಾ? ಆಗ ಇಲ್ಲದ ಅನುಮಾನ ಮೇಲ್ವಿಚಾರಣೆ ಕೊಡುವಾಗ ಯಾಕೆ ಬರಬೇಕು? ಇದು ಅನ್ಯಾಯ. ನಿಮ್ಮಲ್ಲೇ ಏನೋ ಕೊರತೆ ಇದೆ ಅಂತ ಕೊರಗಬೇಡಿ.

ನಿಮ್ಮ ಡಿಗ್ರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಫಿ ಬೋರ್ಡ್ ಕಾಫಿ ಗುಣಮಟ್ಟ ನಿರ್ವಹಣೆಯಲ್ಲಿ ಒಂದು ವರ್ಷದ ಪಿ.ಜಿ. ಡಿಪ್ಲೊಮಾ ನಡೆಸುತ್ತದೆ. ಸಸ್ಯಶಾಸ್ತ್ರ ಓದಿದವರೂ ಅರ್ಜಿ ಹಾಕಬಹುದು. ಮೊದಲು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಕಲಿಕೆ, ಆಮೇಲೆ ಬೆಂಗಳೂರಿನಲ್ಲಿ. ಹಣ್ಣು ಸಂಸ್ಕರಣೆಯಿಂದ ಹಿಡಿದು ಕಾಫಿ ಕುಡಿದು ರುಚಿ ಅಳೆಯುವವರೆಗೆ ಎಲ್ಲಾ ಕಲಿಸುತ್ತಾರೆ. ಫೀಸು ಕಡಿಮೆಯೇನಲ್ಲ. ಸಾಲ, ರಿಯಾಯಿತಿ ಏನಾದರೂ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ವಿಚಾರಿಸೋಕೆ ಬೆಂಗಳೂರಿಗೆ ಓಡಬೇಕಿಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಬೋರ್ಡಿನ ಸಂಶೋಧನಾ ಉಪಕೇಂದ್ರ ಇದೆ, ನಿಮಗೆ ಹತ್ತಿರವೇ. ಆಫೀಸು ತೆರೆದಿರುವ ಒಂದು ದಿನ ಹೋಗಿ. ಎಸ್.274, ಸಿ×ಆರ್ ಕಾಫಿ ತಳಿಗಳ ಸಸಿಗಳ ಬಗ್ಗೆ ನನಗೆ ಬರೆದದ್ದನ್ನೇ ಅಲ್ಲಿ ಹೇಳಿ. ಕೆಲಸ ಗೊತ್ತಿರುವವರನ್ನು ಅಂಥ ಕಡೆ ಬೇಗ ಗುರುತಿಸುತ್ತಾರೆ. ಬೇರೆ ತೋಟಗಳ, ನರ್ಸರಿಗಳ ಸುದ್ದಿಯೂ ಸಿಗುತ್ತದೆ.

ಅಣ್ಣನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಜಿಗಣೆ ಕಚ್ಚಿದ ಕಾಲಲ್ಲಿ ಅಮ್ಮ ಮನೆಗೆ ಬಂದದ್ದನ್ನು ಅವರೂ ನೋಡಿದ್ದಾರೆ. ಮಣ್ಣು ಅಂದರೆ ಅವರಿಗೆ ಅದೇ ನೆನಪು. ಸುಮ್ನೆ ವಾದ ಮಾಡುವ ಬದಲು ಒಮ್ಮೆ ಅವರನ್ನು ನರ್ಸರಿಗೆ ಕರೆದುಕೊಂಡು ಹೋಗಿ.

ನನಗೆ ನಿಜವಾಗಿ ಚಿಂತೆ ಆಗಿರುವುದು ಮನೆಯದ್ದು. ಅಮ್ಮನ ಕೆಲಸಕ್ಕೆ ಅಂಟಿಕೊಂಡ ಮನೆ ಇರುವವರೆಗೆ ನಿಮ್ಮ ಯಾವ ನಿರ್ಧಾರವೂ ಪೂರ್ತಿ ನಿಮ್ಮದಾಗಲ್ಲ. ಸಿದ್ದಾಪುರದಲ್ಲೋ ಕುಶಾಲನಗರದಲ್ಲೋ ಒಂದು ಚಿಕ್ಕ ಬಾಡಿಗೆ ಮನೆಗೆ ಎಷ್ಟಾಗುತ್ತದೆ, ಅಣ್ಣ ಎಷ್ಟು ಕೊಡಬಲ್ಲರು ಅಂತ ಮೂವರೂ ಕೂತು ಲೆಕ್ಕ ಹಾಕಿ. ಹೊಂದುವುದೇ ಇಲ್ಲ ಅಂತಾದರೆ ಒಂದೆರಡು ವರ್ಷ ಮೈಸೂರಿನಲ್ಲಿ ದುಡಿದು, ಫೀಸಿನ ಹಣ ಕೂಡಿಸಿ ಬನ್ನಿ. ಅದನ್ನು ಸೋಲು ಅಂತ ನಾನು ಕರೆಯಲ್ಲ. ಅಮ್ಮನಿಗೆ ಏನು ಬೇಕು ಅಂತಲೂ ಕೇಳಿ. ಪತ್ರದಲ್ಲಿ ಅವರ ಮಾತು ಒಂದೂ ಇಲ್ಲ.

ತೋಟದ ಸಾಹುಕಾರರ ಹತ್ತಿರ ಕೊನೆಯದಾಗಿ ಒಮ್ಮೆ ನೇರವಾಗಿ ಮಾತಾಡಿ. ಯಾವ ಹುದ್ದೆ, ಎಷ್ಟು ಸಂಬಳ, ಯಾವಾಗಿನಿಂದ ಅಂತ ಸ್ಪಷ್ಟವಾಗಿ ಕೇಳಿ. ಮಳೆ ಹಿಡಿದು ಜೂನಿನ ನಾಟಿ ಶುರುವಾಗುವ ಮೊದಲೇ ಕೇಳಿ. ಆಮೇಲೆ ಅವರಿಗೂ ಪುರುಸೊತ್ತಿರಲ್ಲ, ನಿಮಗೂ ಇರಲ್ಲ.