ಅಜ್ಜನ ಮನೆಯ ಮಣ್ಣಿನ ಗೋಡೆ

ಪ್ರಶ್ನೆ: ಕಾರ್ಕಳದ ಬಳಿಯಿರುವ ಅಜ್ಜನ ಮನೆಯ ಮಣ್ಣಿನ ಗೋಡೆಗಳನ್ನು ನಾನೇ ದುರಸ್ತಿ ಮಾಡಬೇಕೆಂದಿದ್ದೇನೆ. ಈ ಕೆಲಸವನ್ನು ಹೇಗೆ ಕಲಿಯಲಿ? ಸಿಮೆಂಟ್ ಗಾರೆ ಬಳಿದರೆ ಸಾಲದೇ?
– ಓದುಗರೊಬ್ಬರು, ಉಡುಪಿ

ಉತ್ತರ: ದಯವಿಟ್ಟು ಸಿಮೆಂಟ್ ಬಳಿಯಬೇಡಿ. ಮಣ್ಣಿನ ಗೋಡೆಯು ಮಳೆಗಾಲದಲ್ಲಿ ಹೀರಿದ ತೇವವನ್ನು ಮೆಲ್ಲಗೆ ಹೊರಬಿಡುತ್ತದೆ. ಸಿಮೆಂಟ್ ಆ ತೇವವನ್ನು ಒಳಗೇ ತಡೆಯುವುದರಿಂದ ಗೋಡೆ ಮೆತ್ತಗಾಗಿ, ಗಾರೆಯು ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಒಂದು ಪಾಲು ಸುಣ್ಣಕ್ಕೆ ಸುಮಾರು 3 ಪಾಲು ಮರಳು ಬೆರೆಸಿದ ಗಾರೆ ಇಲ್ಲಿಗೆ ಹೊಂದುತ್ತದೆ.

ಕಲಿಕೆಯನ್ನು ಮಣ್ಣಿನ ಪರೀಕ್ಷೆಯಿಂದ ಆರಂಭಿಸಿ. ಗಾಜಿನ ಭರಣಿಯ ಮೂರನೇ ಒಂದು ಭಾಗಕ್ಕೆ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ 24 ಗಂಟೆ ಅಲುಗಿಸದೆ ಇಟ್ಟರೆ, ಅಡಿಯಲ್ಲಿ ಮರಳು, ಅದರ ಮೇಲೆ ಹೂಳು, ಎಲ್ಲಕ್ಕಿಂತ ಮೇಲೆ ಜೇಡಿಮಣ್ಣು ಪದರಗಳಾಗಿ ನಿಲ್ಲುತ್ತವೆ. ಜೇಡಿ ಹೆಚ್ಚಿದ್ದರೆ ಗೋಡೆ ಒಣಗುವಾಗ ಬಿರಿಯುತ್ತದೆ. ಆಗ ಮರಳನ್ನೂ ಕತ್ತರಿಸಿದ ಬೈಹುಲ್ಲನ್ನೂ ಸೇರಿಸಬೇಕು.

ಬಳಿಕ ಊರಿನ ಹಿರಿಯ ಮೇಸ್ತ್ರಿಯೊಬ್ಬರ ಕೈಕೆಳಗೆ ಕೆಲವು ವಾರ ದುಡಿಯಿರಿ, ಏಕೆಂದರೆ ಮಣ್ಣಿನ ಹದವನ್ನು ಕಾಲಿನಿಂದ ತುಳಿದೇ ಕಲಿಯಬೇಕಾಗುತ್ತದೆ. ಸುಣ್ಣ ಅರಳಿಸುವಾಗ, ಅಂದರೆ ಸುಟ್ಟ ಸುಣ್ಣವನ್ನು ನೀರಿಗೆ ಹಾಕುವಾಗ, ನೀರು ಕುದಿದು ಸಿಡಿಯುವುದರಿಂದ ಕನ್ನಡಕ, ಕೈಗವಸುಗಳನ್ನು ಮರೆಯಬೇಡಿ. ದೀಪಾವಳಿಯ ನಂತರ ಕೆಲಸ ಹಿಡಿದರೆ ಪತ್ತನಾಜೆಯೊಳಗೆ (ಮಳೆಗಾಲಕ್ಕೆ ಮುನ್ನ, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ವಿಶೇಷ ದಿನ) ಗೋಡೆ ಒಣಗುತ್ತದೆ. ಮಾಡಿನ ಹಂಚು ಒಡೆದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಬದಲಿಸಿ.